ಮಿಲಿಟರಿ ಲಾರಿಯ ಸಿಟಿಐಎಸ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಓಡುತ್ತಿರುವ ಲಾರಿಯ ಕ್ಯಾಬಿನ್‌ನಲ್ಲಿ ಕೂತು ಒಂದು ಗುಂಡಿ ಒತ್ತಿದರೆ ಆರೂ ಟೈರಿನ ಗಾಳಿ ಇಳಿಯುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಏರುತ್ತದೆ. ಸೆಂಟ್ರಲ್ ಟೈರ್ ಇನ್‌ಫ್ಲೇಷನ್ ಸಿಸ್ಟಮ್, ಅಂದರೆ ಸಿಟಿಐಎಸ್, ಮಾಡುವ ಕೆಲಸ ಇಷ್ಟೇ. ಅದು ನೆಟ್ಟಗಿರುವಾಗ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ಕೆಟ್ಟಾಗ ಮಾತ್ರ ಎಲ್ಲಿಂದ ಶುರು ಮಾಡಬೇಕು ಅಂತ ತೋಚುವುದಿಲ್ಲ. ಅಮೆರಿಕದ ಸೇನೆ ಹರಾಜಿಗೆ ಹಾಕಿದ ಎಂ939ಎ2 ಸಾಲಿನ ಐದು ಟನ್ ಲಾರಿಗಳ ಮೇಲೆ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ರಷ್ಯಾದ ಲಾರಿಗಳ ಬಗ್ಗೆಯೂ ಸ್ವಲ್ಪ ಇದೆ, ಯಾಕಂದರೆ ಅವುಗಳ ದಾರಿಯೇ ಬೇರೆ.

ಟೈರಿನ ಗಾಳಿ ಯಾಕೆ ಏರಿಸಿ ಇಳಿಸಬೇಕು? ಒಂದೇ ಒತ್ತಡ ಇಟ್ಟರೆ ಆಗಲ್ವಾ?

ಡಾಂಬರು ರಸ್ತೆಯಲ್ಲಿ ಟೈರು ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಪಕ್ಕದ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತದೆ, ಕೊನೆಗೆ ಹರಿಯುತ್ತದೆ. ಮರಳಿನಲ್ಲಿ ಇದೇ ಗಟ್ಟಿ ಟೈರು ಚಾಕುವಿನಂತೆ ಒಳಗೆ ಇಳಿಯುತ್ತದೆ. ಗಾಳಿ ಕಡಿಮೆ ಮಾಡಿದರೆ ಟೈರಿನ ಹೆಜ್ಜೆ ಉದ್ದವಾಗುತ್ತದೆ. ಲಾರಿಯ ತೂಕ ಹೆಚ್ಚು ಜಾಗದ ಮೇಲೆ ಹರಡುತ್ತದೆ, ಚಕ್ರ ಮರಳಿನ ಮೇಲೆ ತೇಲಿದಂತೆ ಹೋಗುತ್ತದೆ. ಒಂಟೆಯ ಪಾದ ಅಗಲವಾಗಿರುವುದೂ ಇದಕ್ಕೇ.

ಈ ಕೆಲಸವನ್ನು ಕೈಯಲ್ಲೂ ಮಾಡಬಹುದು. ಆದರೆ ಆರು ದೊಡ್ಡ ಟೈರಿನ ಗಾಳಿ ಇಳಿಸಿ, ಮರಳು ದಾಟಿದ ಮೇಲೆ ಮತ್ತೆ ತುಂಬಿಸಲು ಎಷ್ಟು ಹೊತ್ತು ಬೇಕು ಯೋಚಿಸಿ. ಅಷ್ಟು ಹೊತ್ತು ಬಯಲಲ್ಲಿ ನಿಂತಿರುವುದು ಯುದ್ಧದ ಲಾರಿಗೆ ಆಗದ ಮಾತು.

ಇದು ಯಾವ ಯಾವ ಲಾರಿಗಳಲ್ಲಿ ಇರುತ್ತದೆ? ನಮ್ಮ ಸೇನೆಯಲ್ಲೂ ಇದೆಯಾ?

ಎರಡನೇ ಮಹಾಯುದ್ಧದಲ್ಲಿ ಬಂದ ಅಮೆರಿಕದ ಡಿಯುಕೆಡಬ್ಲ್ಯು ಎಂಬ ನೆಲ–ನೀರಿನ ಲಾರಿಯಲ್ಲಿ ಇದು ಮೊದಲು ಹೆಸರು ಮಾಡಿತು. ಅದರಲ್ಲಿ ಗಾಳಿಯ ಕೊಳವೆ ಚಕ್ರದ ಹೊರಗಡೆಯಿಂದ ಬರುತ್ತಿತ್ತು. ಸೋವಿಯತ್ ಎಂಜಿನಿಯರ್‌ಗಳು 1958ರ ಝಿಲ್-157ರಲ್ಲಿ ಆ ಕೊಳವೆಯನ್ನು ಆಕ್ಸಲ್ಲಿನ ಒಳಗೇ ಹಾಯಿಸಿದರು. ಆಮೇಲೆ ಗ್ಯಾಝ್-66, ಝಿಲ್-131, ಯುರಾಲ್-375, ಯುರಾಲ್-4320 ಎಲ್ಲದರಲ್ಲೂ ಇದು ಬಂತು. ಅಮೆರಿಕದಲ್ಲಿ ಎಂ939ಎ2, ಎಂ35ಎ3, ಎಫ್‌ಎಮ್‌ಟಿವಿ ಸಾಲಿನ ಲಾರಿಗಳಲ್ಲಿ ಕಂಪ್ಯೂಟರ್ ನಡೆಸುವ ಸಿಟಿಐಎಸ್ ಇದೆ.

ನಮ್ಮಲ್ಲೂ ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬಿಇಎಮ್‌ಎಲ್, ಚೆಕ್ ಮೂಲದ ಟಾಟ್ರಾ ಲಾರಿಗಳನ್ನು ಸೇನೆಗೆ ಕಟ್ಟಿಕೊಟ್ಟಿದೆ. ಪಿನಾಕ ರಾಕೆಟ್ ಲಾಂಚರ್ ಹೊತ್ತು ಪರೇಡಿನಲ್ಲಿ ಬರುವ ಎಂಟು ಚಕ್ರದ ಲಾರಿ ನೋಡಿದ್ದೀರಲ್ಲ, ಅದೇ ಟಾಟ್ರಾ. ಗ್ರಾಡ್ ರಾಕೆಟ್ ಹೊತ್ತ ಯುರಾಲ್‌ಗಳೂ ನಮ್ಮ ಸೇನೆಯಲ್ಲಿ ದುಡಿದಿವೆ.

ತಿರುಗುವ ಚಕ್ರದೊಳಗೆ ಗಾಳಿ ಹೋಗುವುದಾದರೂ ಹೇಗೆ?

ಇದು ಅರ್ಥವಾದರೆ ರಿಪೇರಿಯ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಲಾರಿಯ ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರ್ರೇ ಟೈರಿಗೂ ಗಾಳಿ ಕೊಡುತ್ತದೆ. ಟ್ಯಾಂಕಿನಿಂದ ಹೊರಟ ಗಾಳಿ ಮೊದಲು ಒಂದು ವಾಲ್ವ್ ಪೆಟ್ಟಿಗೆಗೆ ಬರುತ್ತದೆ. ಎಂ939ಎ2ರಲ್ಲಿ ಇದಕ್ಕೆ ಪಿಸಿಯು ಎನ್ನುತ್ತಾರೆ. ಅದರಲ್ಲಿ ಕರೆಂಟಿನಿಂದ ತೆರೆದು ಮುಚ್ಚುವ ಮೂರು ವಾಲ್ವ್, ಅಂದರೆ ಸೊಲೆನಾಯ್ಡ್‌ಗಳಿವೆ: ಒಂದು ಕೊಳವೆಗೆ ಗಾಳಿ ಕೊಡಲು, ಒಂದು ಇಳಿಸಲು, ಒಂದು ನಿಯಂತ್ರಿಸಲು. ಒತ್ತಡ ಅಳೆಯುವ ಸೆನ್ಸರ್ ಕೂಡ ಅಲ್ಲೇ ಇದೆ. ಅಲ್ಲಿಂದ ಕೊಳವೆಗಳು ಆಕ್ಸಲ್‌ಗಳಿಗೆ ಹೋಗುತ್ತವೆ. ದಾರಿಯಲ್ಲಿ ಕ್ವಿಕ್ ರಿಲೀಸ್ ವಾಲ್ವ್‌ಗಳಿವೆ. ಮುಂದೆ ಗಾಳಿ ಆಕ್ಸಲ್ಲಿನ ಸ್ಪಿಂಡಲ್ ಒಳಗಿನ ತೂತಿನಿಂದ ಹಬ್ಬಿಗೆ ದಾಟುತ್ತದೆ. ಸ್ಪಿಂಡಲ್ ಅಂದರೆ ಆಕ್ಸಲ್ಲಿನ ತುದಿ, ಅದು ತಿರುಗುವುದಿಲ್ಲ. ಹಬ್ ಅಂದರೆ ಚಕ್ರದ ನಡುಭಾಗ, ಅದು ತಿರುಗುತ್ತದೆ. ಇವೆರಡರ ನಡುವೆ ಗಾಳಿ ಸೋರದಂತೆ ಹಿಡಿದಿರುವುದು ರಬ್ಬರ್ ತುಟಿಯ ಏರ್ ಸೀಲ್‌ಗಳು. ಹಬ್ಬಿನಿಂದ ಒಂದು ಗಿಡ್ಡ ಹೋಸು, ಅದರ ತುದಿಯಲ್ಲಿ ವೀಲ್ ವಾಲ್ವ್, ಆಮೇಲೆ ಟೈರು.

ಇಲ್ಲಿ ಒಂದು ಜಾಣತನ ಇದೆ. ಅಮೆರಿಕದ ವ್ಯವಸ್ಥೆಯಲ್ಲಿ ಕೊಳವೆಯೊಳಗೆ ಸದಾ ಗಾಳಿ ಇರುವುದಿಲ್ಲ. ಅಳೆಯುವಾಗ, ಏರಿಸುವಾಗ, ಇಳಿಸುವಾಗ ಮಾತ್ರ ಇರುತ್ತದೆ. ಕೆಲಸ ಮುಗಿದ ತಕ್ಷಣ ಕ್ವಿಕ್ ರಿಲೀಸ್ ವಾಲ್ವ್ ಕೊಳವೆಯ ಗಾಳಿಯನ್ನು ಒಮ್ಮೆಲೇ ಹೊರಗೆ ಚೆಲ್ಲುತ್ತದೆ. ಆ ಒತ್ತಡ ಥಟ್ಟನೆ ಬೀಳುವುದೇ ವೀಲ್ ವಾಲ್ವ್‌ಗೆ ಮುಚ್ಚಿಕೊಳ್ಳುವ ಸೂಚನೆ. ಟೈರಿನ ಗಾಳಿ ಟೈರಲ್ಲೇ ಉಳಿಯುತ್ತದೆ, ಹಬ್ಬಿನ ಸೀಲ್ ಮೇಲೆ ಭಾರ ಇರುವುದಿಲ್ಲ. ಅದಕ್ಕೇ ಲಾರಿಯ ಕೆಳಗಿನಿಂದ ಆಗಾಗ "ಟುಸ್" ಅನ್ನುವ ಸದ್ದು ಕೇಳುತ್ತದೆ. ಅದು ಕೆಟ್ಟ ಸದ್ದಲ್ಲ, ಆರೋಗ್ಯದ ಸದ್ದು.

ಡ್ಯಾಶ್‌ಬೋರ್ಡಿನ ಗುಂಡಿಗಳ ಅರ್ಥ ಏನು? ಎಷ್ಟು ಗಾಳಿ ಇರಬೇಕು?

ಎಂ939ಎ2ರಲ್ಲಿ ನಾಲ್ಕು ಹಂತಗಳಿವೆ. ಹೈವೇ ಅಂದರೆ 60 ಪಿಎಸ್‌ಐ, ಕ್ರಾಸ್ ಕಂಟ್ರಿ 35, ಸ್ಯಾಂಡ್ 25, ಎಮರ್ಜೆನ್ಸಿ 12. ಬಾರ್ ಲೆಕ್ಕದಲ್ಲಿ ಸುಮಾರು 4.1, 2.4, 1.7 ಮತ್ತು 0.8. ಬೇರೆ ಲಾರಿಗೆ ಬೇರೆ ಅಂಕಿ ಇರುತ್ತದೆ. ನಿಮ್ಮ ಲಾರಿಯ ಕ್ಯಾಬಿನ್‌ನಲ್ಲಿ ತಗಡಿನ ಫಲಕ ಇದ್ದರೆ ಅದನ್ನೇ ನಂಬಿ. ಎಮರ್ಜೆನ್ಸಿ ಇರುವುದು ಹೂತ ಲಾರಿಯನ್ನು ಎಬ್ಬಿಸಲು ಮಾತ್ರ. ನಾಲ್ಕು ಮಾರು ದೂರ ಹೋಗಿ ಗಟ್ಟಿ ನೆಲ ಸಿಕ್ಕ ಕೂಡಲೇ ಗಾಳಿ ಏರಿಸಬೇಕು. ನೀವು ಮರೆತರೂ ಸ್ವಲ್ಪ ಹೊತ್ತಾದ ಮೇಲೆ ಯಂತ್ರ ತಾನಾಗಿ ಸ್ಯಾಂಡ್ ಹಂತಕ್ಕೆ ಹಿಂದಿರುಗುತ್ತದೆ.

ಒಂದೇ ದೀಪ ಮಿಟುಕುತ್ತಲೇ ಇದೆ, ನಿಲ್ಲುತ್ತಿಲ್ಲ. ಕೆಟ್ಟಿದೆಯಾ?

ಇರಲಾರದು. ಕೇಳಿದ ಒತ್ತಡ ಸಿಗುವವರೆಗೆ ಆ ಹಂತದ ದೀಪ ಮಿಟುಕುತ್ತದೆ, ಸಿಕ್ಕ ಮೇಲೆ ಒಂದೇ ಸಮ ಉರಿಯುತ್ತದೆ. ಸ್ಯಾಂಡ್‌ನಿಂದ ಹೈವೇಗೆ ಏರಲು ಹತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಗಾಬರಿ ಬೇಡ. ಟೈರು ದೊಡ್ಡದು, ಕಂಪ್ರೆಸರ್ ಚಿಕ್ಕದು. ಎಂಜಿನ್ ಐಡಲ್‌ನಲ್ಲಿ ಬಿಟ್ಟರೆ ಇನ್ನೂ ನಿಧಾನ. ಸ್ವಲ್ಪ ರೇಸ್ ಕೊಟ್ಟು ನೋಡಿ.

ಇನ್ನೊಂದು ವಿಷಯ. ಬ್ರೇಕಿನ ಟ್ಯಾಂಕ್ ತುಂಬುವವರೆಗೆ ಟೈರಿಗೆ ಒಂದು ಹನಿ ಗಾಳಿಯೂ ಹೋಗುವುದಿಲ್ಲ. ಒಂದು ಪ್ರೆಶರ್ ಸ್ವಿಚ್ ಅದನ್ನು ತಡೆದಿರುತ್ತದೆ. "ಸಿಟಿಐಎಸ್ ಶುರುವೇ ಆಗ್ತಿಲ್ಲ" ಅಂತ ಬಂದವರಲ್ಲಿ ಎಷ್ಟೋ ಜನರ ಲಾರಿಯಲ್ಲಿ ತೊಂದರೆ ಇದ್ದದ್ದು ಬ್ರೇಕಿನ ಗಾಳಿಯಲ್ಲಿ. ಮೊದಲು ಡ್ಯಾಶ್‌ಬೋರ್ಡಿನ ಏರ್ ಗೇಜು ನೋಡಿ. ಮುಳ್ಳು ಏರದೆ ನಿಂತಿದ್ದರೆ ಸಿಟಿಐಎಸ್ ಮರೆತುಬಿಡಿ, ಬ್ರೇಕಿನ ಸೋರಿಕೆ ಹುಡುಕಿ. ಈ ತಡೆಯನ್ನು ದಾಟಿಸಲು ಯಾರಾದರೂ ಸ್ವಿಚ್ಚಿಗೆ ವೈರ್ ಅಡ್ಡ ಹಾಕಿ ಅಂದರೆ ದಯವಿಟ್ಟು ಕೇಳಬೇಡಿ. ಟೈರಿನ ಹೋಸು ಕಿತ್ತು ಹೋದ ದಿನ ಬ್ರೇಕನ್ನು ಉಳಿಸುವುದು ಆ ಸ್ವಿಚ್ಚೇ.

ಎಲ್ಲ ದೀಪಗಳೂ ಒಟ್ಟಿಗೆ ಮಿಟುಕುತ್ತಿವೆ. ಎಲ್ಲಿಂದ ಶುರು ಮಾಡಲಿ?

ಇದರರ್ಥ ಕಂಪ್ಯೂಟರ್ ಪೆಟ್ಟಿಗೆ, ಅಂದರೆ ಇಸಿಯು, ಏನೋ ಸರಿಯಿಲ್ಲ ಅಂತ ಹೇಳಿ ಕೈಬಿಟ್ಟಿದೆ. ಆಗ ಎಲ್ಲರ ಕೈಯೂ ಮೊದಲು ಆ ಪೆಟ್ಟಿಗೆಗೇ ಹೋಗುತ್ತದೆ. ನಾನೂ ಹಾಗೇ ಮಾಡಿದೆ. ನಾನು ಕೈ ಹಾಕಿದ ಮೊದಲ ಲಾರಿ, ಎಂ939ಎ2 ಸಾಲಿನದೇ ಆದ ಎಂ923ಎ2ರಲ್ಲಿ ಇದೇ ಆಯಿತು. ಇಸಿಯು ಸತ್ತಿದೆ ಅಂದುಕೊಂಡು ಹಳೆಯದೊಂದನ್ನು ದುಡ್ಡು ಕೊಟ್ಟು ತರಿಸಿದೆ. ಅದನ್ನು ಹಾಕಿದರೂ ದೀಪಗಳು ಹಾಗೇ ಮಿಟುಕಿದವು. ಎರಡು ದಿನ ವೈರಿಂಗ್ ತಡಕಾಡಿದೆ. ಮೂರನೇ ದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಬೇರೆ ಯಾವ ಯಂತ್ರವೂ ಓಡುತ್ತಿರಲಿಲ್ಲ. ಎಂಜಿನ್ ಆಫ್ ಮಾಡಿ, ಟ್ಯಾಂಕ್ ತುಂಬಿರುವಾಗಲೇ ಕೀ ಆನ್ ಮಾಡಿ ಕೆಳಗೆ ಮಲಗಿದೆ. ಹಿಂದಿನ ಬಲಗಡೆ ಚಕ್ರದ ಹತ್ತಿರ ಸಣ್ಣಗೆ "ಸ್ಸ್" ಅಂತ ಸದ್ದು. ಹೋಸು ಹಬ್ಬಿಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಸೀಳು. ಹೋಸು ಬದಲಾಯಿಸಿದೆ, ಎಲ್ಲ ಸರಿಯಾಯಿತು.

ಆವತ್ತಿನಿಂದ ನನ್ನ ಕ್ರಮ ಬದಲಾಗಿಲ್ಲ. ಮೊದಲು ಕಿವಿ, ಆಮೇಲೆ ಸೋಪಿನ ನೊರೆ, ಆಮೇಲೆ ಕೈ ಗೇಜು, ಕೊನೆಗೆ ಮಲ್ಟಿಮೀಟರ್. ಇಸಿಯು ಕಿವುಡು. ಅದಕ್ಕೆ ಕಾಣುವುದು ಒಂದೇ ಸೆನ್ಸರ್ ಕೊಡುವ ಅಂಕಿ. ಗಾಳಿ ಎಲ್ಲಿ ಸೋರಿದರೂ ಆ ಅಂಕಿ ತಪ್ಪುತ್ತದೆ, ಆಗ ಅದು ಎಲ್ಲ ದೀಪ ಮಿಟುಕಿಸುತ್ತದೆ. ತಪ್ಪು ಯಾವ ಚಕ್ರದಲ್ಲಿದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಆರೂ ಟೈರು ಒಂದೇ ಕೊಳವೆಗೆ ಕೂಡುತ್ತವೆ ಅಲ್ವಾ, ಹಾಗಾಗಿ.

ಸೋರಿಕೆಯನ್ನು ಕ್ರಮವಾಗಿ ಹುಡುಕುವುದು ಹೇಗೆ?

ಲಾರಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡ ಕೊಡಿ. ಗಾಳಿ ಪೂರ್ತಿ ತುಂಬಿಸಿ ಎಂಜಿನ್ ಆಫ್ ಮಾಡಿ. ಕ್ಯಾಬಿನ್‌ನಲ್ಲಿ ಒಬ್ಬರು ಬೇಕು, ಕೆಳಗೆ ಒಬ್ಬರು. ಕ್ಯಾಬಿನ್‌ನವರು ಈಗಿರುವ ಹಂತಕ್ಕಿಂತ ಮೇಲಿನ ಹಂತ ಒತ್ತಲಿ. ಕೊಳವೆಯಲ್ಲಿ ಗಾಳಿ ಬಂದಿರುವ ಆ ಸ್ವಲ್ಪ ಹೊತ್ತಿನಲ್ಲೇ ನೀವು ಹುಡುಕಬೇಕು. ಕೊಳವೆ ಖಾಲಿಯಾಗಿರುವಾಗ ಎಷ್ಟು ನೊರೆ ಬಳಿದರೂ ಒಂದು ಗುಳ್ಳೆಯೂ ಬರುವುದಿಲ್ಲ. ಇದು ತಿಳಿಯದೆ "ಎಲ್ಲ ನೋಡಿದೆ, ಎಲ್ಲೂ ಸೋರ್ತಿಲ್ಲ" ಅನ್ನುವವರು ತುಂಬಾ ಜನ.

ಪಾತ್ರೆ ತೊಳೆಯುವ ಸೋಪು ನೀರಿಗೆ ಹಾಕಿ ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಳ್ಳಿ. ಹೋಸಿನ ಎರಡೂ ತುದಿ, ವೀಲ್ ವಾಲ್ವ್ ಮೈ, ವೀಲ್ ವಾಲ್ವ್ ರಿಮ್ಮಿಗೆ ಸೇರುವ ಜಾಗ, ಟೈರಿನ ಮಾಮೂಲಿ ವಾಲ್ವ್ ಪಿನ್, ಹಬ್ಬಿನ ಮೂತಿ, ಸ್ಪಿಂಡಲ್ ಹಿಂಭಾಗದ ಫಿಟ್ಟಿಂಗ್, ಕ್ವಿಕ್ ರಿಲೀಸ್ ವಾಲ್ವ್‌ಗಳು, ಕೊನೆಗೆ ಪಿಸಿಯು. ಚಕ್ರದಿಂದ ಟ್ಯಾಂಕಿನ ಕಡೆಗೆ ಹೋಗಿ. ಯಾಕಂದರೆ ಕಲ್ಲು, ಕೊಂಬೆ, ಕೆಸರಿನ ಏಟು ಬೀಳುವುದು ಚಕ್ರದ ಕಡೆಗೇ.

ಸದ್ದು ಇದೆ, ಜಾಗ ಸಿಗುತ್ತಿಲ್ಲ ಅಂದರೆ ಒಂದೊಂದೇ ಚಕ್ರವನ್ನು ಬೇರೆ ಮಾಡಿ ನೋಡಿ. ಹೋಸನ್ನು ವೀಲ್ ವಾಲ್ವ್ ಕಡೆಯಿಂದ ಬಿಚ್ಚಿ ಅದರ ಬಾಯಿಗೆ ಸರಿಯಾದ ಅಳತೆಯ ಪ್ಲಗ್ ಹಾಕಿ. ಮತ್ತೆ ಸಿಸ್ಟಮ್ ಆನ್ ಮಾಡಿ. ದೀಪ ಸರಿಯಾದರೆ ತಪ್ಪು ಆ ವೀಲ್ ವಾಲ್ವ್ ಅಥವಾ ಟೈರಿನಲ್ಲಿ. ಹಾಗೇ ಇದ್ದರೆ ಮುಂದಿನ ಚಕ್ರ. ಬೇಜಾರಿನ ಕೆಲಸ, ಆದರೆ ಅರ್ಧ ದಿನದಲ್ಲಿ ಖಚಿತ ಉತ್ತರ ಸಿಗುತ್ತದೆ.

ರಾತ್ರಿ ನಿಲ್ಲಿಸಿದ ಲಾರಿಯ ಒಂದು ಟೈರು ಬೆಳಿಗ್ಗೆ ಚಪ್ಪಟೆ. ಓಡಿಸಲು ಶುರು ಮಾಡಿದರೆ ತುಂಬಿಕೊಳ್ಳುತ್ತದೆ. ಪಂಕ್ಚರ್ ಹಾಕಿಸಬೇಕಾ?

ಮೊದಲು ಸೋಪಿನ ನೀರು. ಟೈರಿನಲ್ಲಿ ಮೊಳೆ ಇದ್ದರೆ ಗುಳ್ಳೆ ಬರುತ್ತದೆ. ಬರದಿದ್ದರೆ ಆ ಚಕ್ರದ ವೀಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ. ಒಳಗೆ ಮರಳಿನ ಕಣವೋ ತುಕ್ಕಿನ ಚೂರೋ ಕೂತಿರುತ್ತದೆ. ಹೋಸು ಬಿಚ್ಚಿ ವೀಲ್ ವಾಲ್ವಿನ ಬಾಯಿಗೆ ನೊರೆ ಹಚ್ಚಿ ನೋಡಿ. ಅಲ್ಲಿ ಗುಳ್ಳೆ ಎದ್ದರೆ ಕಳ್ಳ ಸಿಕ್ಕ. ವಾಲ್ವ್ ಬಿಚ್ಚಿ ಸ್ವಚ್ಛ ಮಾಡಿ, ಫಿಲ್ಟರ್ ಇದ್ದರೆ ಬದಲಿಸಿ, ಡಯಾಫ್ರಮ್ ಒಡೆದಿದ್ದರೆ ಕಿಟ್ ಹಾಕಿ. ಪೆಟ್ರೋಲಿನಲ್ಲಿ ತೊಳೆಯಬೇಡಿ, ರಬ್ಬರ್ ಉಬ್ಬುತ್ತದೆ.

ಎಲ್ಲ ಟೈರೂ ಸ್ವಲ್ಪ ಸ್ವಲ್ಪ ಇಳಿದಿದ್ದರೆ ಆರೂ ವಾಲ್ವ್ ಒಟ್ಟಿಗೆ ಕೆಟ್ಟಿರಲಾರವು. ಕ್ವಿಕ್ ರಿಲೀಸ್ ವಾಲ್ವಿನ ಬಾಯಿ ನೋಡಿ. ಕೆಸರು ತುಂಬಿದ್ದರೆ ಕೊಳವೆಯ ಗಾಳಿ ಥಟ್ಟನೆ ಹೊರಗೆ ಹೋಗುವುದಿಲ್ಲ. ವೀಲ್ ವಾಲ್ವ್‌ಗಳಿಗೆ ಮುಚ್ಚುವ ಸೂಚನೆಯೇ ಸಿಗುವುದಿಲ್ಲ. ತಿಂಗಳುಗಟ್ಟಲೆ ನಿಂತ ಲಾರಿಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಈ ಬಾಯಿಗಳನ್ನು ಮುಚ್ಚಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಒಂದು ಸಣ್ಣ ತಂತಿ ಸಾಕು, ಆದರೆ ಒಳಗಿನ ರಬ್ಬರಿಗೆ ಚುಚ್ಚದ ಹಾಗೆ.

ಸಿಟಿಐಎಸ್ ಕೆಲಸ ಮಾಡುವಾಗ ಆಕ್ಸಲ್ಲಿನ ಒಳಗಾಳಿ ಹೊರಬಿಡುವ ಬಾಯಿ, ಅಂದರೆ ಬ್ರೀದರ್‌ನಿಂದ ಗಾಳಿ ಬರುತ್ತದೆ, ಜೊತೆಗೆ ಆಯಿಲ್ ಕೂಡ. ಓಡಿಸಬಹುದಾ?

ಓಡಿಸಬೇಡಿ. ಹಬ್ಬಿನ ಏರ್ ಸೀಲ್ ಹೋಗಿದೆ. ಟೈರಿಗೆ ಹೋಗಬೇಕಾದ ಗಾಳಿ ಹಬ್ಬಿನೊಳಗೆ, ಅಲ್ಲಿಂದ ಆಕ್ಸಲ್ಲಿನೊಳಗೆ ನುಗ್ಗುತ್ತಿದೆ. ಬ್ರೀದರ್ ತೆರೆದಿದ್ದರೆ ಆಯಿಲ್ ಆವಿಯಾಗಿ ಹೊರಗೆ ಬರುತ್ತದೆ. ಅದೂ ಕಟ್ಟಿಕೊಂಡಿದ್ದರೆ ಗಾಳಿ ಆಯಿಲ್ ಸೀಲನ್ನು ತಳ್ಳಿ ಗೇರ್ ಆಯಿಲನ್ನು ಬ್ರೇಕ್ ಡ್ರಮ್ಮಿಗೆ ಚೆಲ್ಲುತ್ತದೆ. ಎಣ್ಣೆ ಕುಡಿದ ಬ್ರೇಕ್ ಲೈನರ್ ಏನು ಮಾಡುತ್ತದೆ ಅಂತ ಲಾರಿ ಓಡಿಸುವವರಿಗೆ ಹೇಳಬೇಕಿಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ಹಬ್ಬಿನ ಗ್ರೀಸು ಅಥವಾ ಆಯಿಲ್ ಗಾಳಿಯ ದಾರಿಗೆ ಸೇರಿ ಹೋಸಿನ ಮೂಲಕ ವೀಲ್ ವಾಲ್ವಿಗೆ ಬರುತ್ತದೆ. ಹೋಸು ಬಿಚ್ಚಿದಾಗ ಒಳಗೆ ಎಣ್ಣೆ ಕಂಡರೆ ವಾಲ್ವ್ ಮಾತ್ರ ತೊಳೆದು ಮುಚ್ಚಬೇಡಿ. ತಿಂಗಳೊಳಗೆ ಮತ್ತೆ ಅದೇ ಕಥೆ. ಹಬ್ ಬಿಚ್ಚಿ ಸೀಲ್ ಹಾಕಲೇಬೇಕು. ಹಾಕುವಾಗ ಸ್ಪಿಂಡಲ್ ಮೇಲೆ ಸೀಲ್ ಕೂರುವ ಜಾಗದಲ್ಲಿ ಬೆರಳಾಡಿಸಿ. ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಬೇಗ ಹೋಗುತ್ತದೆ. ಸೀಲಿನ ತುಟಿಗೆ ಗ್ರೀಸು ಹಚ್ಚದೆ ಒಣಗಿದಂತೆ ತಳ್ಳಬೇಡಿ. ಬೇರಿಂಗ್ ಹೊಂದಾಣಿಕೆ ಸಡಿಲ ಇದ್ದರೆ ಹಬ್ ಅಲುಗಾಡಿ ಸೀಲ್ ತಿನ್ನುತ್ತದೆ, ಅದನ್ನೂ ಅವತ್ತೇ ಸರಿ ಮಾಡಿ.

ಗಾಳಿ ಏರುತ್ತದೆ, ಆದರೆ ಇಳಿಯುವುದಿಲ್ಲ. ಯಾಕೆ?

ಇಳಿಸುವಾಗ ಕೊಳವೆಯಲ್ಲಿ ಸಣ್ಣ ಒತ್ತಡವೊಂದು ಉಳಿದು ವೀಲ್ ವಾಲ್ವನ್ನು ತೆರೆದು ಹಿಡಿದಿರಬೇಕು. ಏರಿಸುವಾಗ ಜೋರು ಗಾಳಿ ಬರುವುದರಿಂದ ಸಣ್ಣ ಸೋರಿಕೆ ಗೊತ್ತಾಗುವುದಿಲ್ಲ. ಇಳಿಸುವಾಗ ಅದೇ ಸೋರಿಕೆ ಆ ಸಣ್ಣ ಒತ್ತಡವನ್ನು ನುಂಗುತ್ತದೆ, ವಾಲ್ವ್ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಇಲ್ಲೂ ಮೊದಲು ಸೋರಿಕೆಯನ್ನೇ ಹುಡುಕಿ. ಅದು ಇಲ್ಲ ಅಂತ ಖಚಿತವಾದ ಮೇಲೆ ಇಳಿಸುವ ಸೊಲೆನಾಯ್ಡ್ ಮತ್ತು ಗಾಳಿ ಹೊರಹೋಗುವ ಬಾಯಿಗಳನ್ನು ನೋಡಿ.

ಇಳಿಯುತ್ತದೆ, ಏರುವುದಿಲ್ಲ?

ಬ್ರೇಕಿನ ಗಾಳಿ ಸಾಕಷ್ಟಿದೆಯಾ, ಪ್ರೆಶರ್ ಸ್ವಿಚ್ ಸರಿಯಿದೆಯಾ, ಗಾಳಿ ಕೊಡುವ ಸೊಲೆನಾಯ್ಡ್ "ಟಕ್" ಅನ್ನುತ್ತಿದೆಯಾ. ಈ ಮೂರನ್ನೇ ನೋಡಿ. ಮೂರೂ ಸರಿ ಇದ್ದರೆ ಕಂಪ್ರೆಸರ್ ಬಡವಾಗಿದೆ.

ಸೊಲೆನಾಯ್ಡ್, ವೈರಿಂಗ್ ಚೆಕ್ ಮಾಡುವುದು ಹೇಗೆ?

ಈ ಲಾರಿಗಳು 24 ವೋಲ್ಟಿನವು. ಎರಡು ಬ್ಯಾಟರಿಯಲ್ಲಿ ಒಂದು ಬಡವಾಗಿದ್ದರೂ ಇಸಿಯು ತಲೆಕೆಟ್ಟಂತೆ ಆಡುತ್ತದೆ. ಹಾಗಾಗಿ ಮೊದಲು ಬ್ಯಾಟರಿ, ಆಮೇಲೆ ಅರ್ತ್ ವೈರು. ಅರ್ತ್ ಕೂತಿರುವ ಜಾಗದ ಪೇಂಟು, ತುಕ್ಕು ಕೆರೆದು ತಗಡು ಹೊಳೆಯುವಂತೆ ಮಾಡಿ ಬೋಲ್ಟ್ ಬಿಗಿ ಮಾಡಿ. ಪಿಸಿಯು ಕನೆಕ್ಟರ್ ಚಾಸಿಸ್ಸಿನಲ್ಲಿ ಕೆಸರಿಗೆ ತೆರೆದುಕೊಂಡಿರುತ್ತದೆ. ಅದನ್ನು ಬಿಚ್ಚಿ ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯಾ ನೋಡಿ.

ಸೊಲೆನಾಯ್ಡ್ ಕಾಯಿಲ್‌ಗಳ ಓಮ್ಸ್ ಅಳೆಯಲು ಸುಲಭ ದಾರಿ ಅಂದರೆ ಮೂರನ್ನೂ ಒಂದಕ್ಕೊಂದು ಹೋಲಿಸುವುದು. ಎರಡು ಹತ್ತಿರ ಹತ್ತಿರ ಇದ್ದು ಮೂರನೆಯದು ತುಂಬಾ ಬೇರೆಯಾಗಿದ್ದರೆ ಅದೇ ಕೆಟ್ಟದ್ದು. ಒತ್ತಡದ ಸೆನ್ಸರ್ ಬಗ್ಗೆ ಅನುಮಾನ ಇದ್ದರೆ ಆರೂ ಟೈರನ್ನು ಕೈ ಗೇಜಿನಲ್ಲಿ ಅಳೆಯಿರಿ. ಆರರಲ್ಲೂ 60 ಇದ್ದು ಯಂತ್ರ ಮಾತ್ರ ಹೈವೇ ದೀಪ ಮಿಟುಕಿಸುತ್ತಾ ಇನ್ನೂ ತುಂಬಲು ನೋಡುತ್ತಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಟೈರು ತಣ್ಣಗಿರುವಾಗಲೇ ಅಳೆಯಿರಿ. ಬಿಸಿ ಟೈರು ಯಾವಾಗಲೂ ಜಾಸ್ತಿ ತೋರಿಸುತ್ತದೆ.

ಓವರ್‌ಸ್ಪೀಡ್ ದೀಪ ಬರುತ್ತದೆ. ನಾನು ನಿಧಾನವಾಗೇ ಹೋಗುತ್ತಿದ್ದೇನೆ.

ಈಗಿರುವ ಒತ್ತಡಕ್ಕೆ ಈ ವೇಗ ಜಾಸ್ತಿ ಅಂತ ಯಂತ್ರ ಹೇಳುತ್ತಿದೆ. ಕ್ರಾಸ್ ಕಂಟ್ರಿಯಲ್ಲಿ ಇಟ್ಟು ಹೈವೇ ವೇಗದಲ್ಲಿ ಹೋದರೆ ದೀಪ ಮಿಟುಕುತ್ತದೆ. ಆದರೂ ನಿಧಾನ ಮಾಡದಿದ್ದರೆ ತಾನೇ ಮೇಲಿನ ಹಂತಕ್ಕೆ ಗಾಳಿ ಏರಿಸುತ್ತದೆ. ನಿಜವಾಗಿಯೂ ನಿಧಾನ ಹೋಗುತ್ತಿದ್ದರೆ ಸ್ಪೀಡ್ ಸೆನ್ಸರ್ ಅಥವಾ ಅದರ ವೈರು ನೋಡಿ.

ರನ್ ಫ್ಲಾಟ್ ಗುಂಡಿ ಯಾವಾಗ ಒತ್ತಬೇಕು?

ಮಾಮೂಲಿಯಾಗಿ ಯಂತ್ರ ಸುಮಾರು 15 ನಿಮಿಷಕ್ಕೊಮ್ಮೆ ಟೈರಿನ ಒತ್ತಡ ನೋಡುತ್ತದೆ. ಟೈರಿಗೆ ತೂತು ಬಿದ್ದಿದೆ ಅಂತ ಗೊತ್ತಾದರೆ ರನ್ ಫ್ಲಾಟ್ ಒತ್ತಿ. ಆಗ ಪದೇ ಪದೇ ನೋಡಿ ಗಾಳಿ ತುಂಬುತ್ತಾ ಇರುತ್ತದೆ. ಸಣ್ಣ ತೂತಿದ್ದರೆ ಸುರಕ್ಷಿತ ಜಾಗಕ್ಕೆ ಹೋಗಲು ಅಷ್ಟು ಸಾಕು. ಟೈರು ದೊಡ್ಡದಾಗಿ ಹರಿದಿದ್ದರೆ ಇದು ಮದ್ದಲ್ಲ. ಸುಮ್ನೆ ಯಾವಾಗಲೂ ಒತ್ತಿಟ್ಟುಕೊಂಡರೆ ಹಬ್ಬಿನ ಸೀಲ್ ಸವೆಯುವುದಷ್ಟೇ ಲಾಭ.

ಚಳಿಗಾಲದಲ್ಲಿ ಮಾತ್ರ ಕೈಕೊಡುತ್ತದೆ. ಬಿಸಿಲು ಬಂದರೆ ಸರಿ.

ನೀರು. ಕಂಪ್ರೆಸರ್ ಗಾಳಿಯ ಜೊತೆ ತೇವವನ್ನೂ ಒಳಗೆ ತಳ್ಳುತ್ತದೆ. ಅದು ಪಿಸಿಯು ಒಳಗೆ, ವೀಲ್ ವಾಲ್ವ್ ಒಳಗೆ ಮಂಜುಗಡ್ಡೆ ಆಗುತ್ತದೆ. ಟ್ಯಾಂಕಿನ ಡ್ರೈನ್ ತೆರೆದು ದಿನಾ ನೀರು ಇಳಿಸಿ. ಏರ್ ಡ್ರೈಯರ್ ಕಾರ್ಟ್ರಿಡ್ಜ್ ಹಳತಾಗಿದ್ದರೆ ಬದಲಿಸಿ. ಹಳೆಯ ಕಾರ್ಟ್ರಿಡ್ಜ್ ಒಳಗಿನ ಕಾಳು ಪುಡಿಯಾಗಿ ಬಿಳಿ ಹಿಟ್ಟಿನಂತೆ ಸೊಲೆನಾಯ್ಡ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪಿಸಿಯು ಬಿಚ್ಚಿದಾಗ ಅಂಥ ಹಿಟ್ಟು ಕಂಡರೆ ಡ್ರೈಯರ್ ಸರಿ ಮಾಡದೆ ಪಿಸಿಯು ಮಾತ್ರ ಬದಲಿಸಿ ಪ್ರಯೋಜನ ಇಲ್ಲ.

ಯುರಾಲ್, ಝಿಲ್ ಲಾರಿಗಳಲ್ಲಿ ಕಂಪ್ಯೂಟರೇ ಇಲ್ಲ. ಅವುಗಳಲ್ಲಿ ತಪ್ಪು ಹುಡುಕುವುದು ಹೇಗೆ?

ನನಗೆ ಈ ಲಾರಿಗಳ ಮೇಲೆ ತುಂಬಾ ಪ್ರೀತಿ. ಕ್ಯಾಬಿನ್‌ನಲ್ಲಿ ಒಂದು ಹಿಡಿಕೆ, ಒಂದು ಗೇಜು, ಅಷ್ಟೇ. ಹಿಡಿಕೆಗೆ ಮೂರು ಜಾಗ: ತುಂಬು, ನಡುವೆ, ಇಳಿಸು. ಪ್ರತಿ ಚಕ್ರದಲ್ಲಿ ಕೈಯಿಂದ ತಿರುಗಿಸಿ ಮುಚ್ಚುವ ನಲ್ಲಿ ಇದೆ. ಝಿಲ್-131ರಲ್ಲಿ ರಸ್ತೆಗೆ 3 ಕೆಜಿ, ಯುರಾಲ್-4320ರಲ್ಲಿ 3.2 ಕೆಜಿ ಒತ್ತಡ. ಇದು ಚದರ ಸೆಂಟಿಮೀಟರಿಗೆ ಲೆಕ್ಕ, 1 ಕೆಜಿ ಅಂದರೆ ಸುಮಾರು 14.2 ಪಿಎಸ್‌ಐ. ಕೆಸರಿನಲ್ಲಿ 0.5 ಕೆಜಿವರೆಗೂ ಇಳಿಸಬಹುದು, ಆಗ ನಡೆದಷ್ಟೇ ನಿಧಾನ ಹೋಗಬೇಕು.

ಇಲ್ಲಿ ಅಮೆರಿಕದ ಲಾರಿಗಿಂತ ದೊಡ್ಡ ವ್ಯತ್ಯಾಸ ಒಂದಿದೆ. ಚಕ್ರದ ನಲ್ಲಿ ತೆರೆದಿರುವವರೆಗೆ ಟೈರಿನ ಗಾಳಿ ಹಬ್ಬಿನ ಸೀಲ್ ದಾಟಿ ಕ್ಯಾಬಿನ್ನಿನ ಗೇಜಿನವರೆಗೂ ಸದಾ ಇರುತ್ತದೆ. ಎಲ್ಲೋ ಒಂದು ಸೀಲ್ ಸೋರಿದರೆ ಬೆಳಗಾಗುವಷ್ಟರಲ್ಲಿ ಆರೂ ಟೈರು ಕೂತಿರುತ್ತವೆ. ಅದಕ್ಕೇ ಜಾಸ್ತಿ ಹೊತ್ತು ನಿಲ್ಲಿಸುವಾಗ ಆರೂ ನಲ್ಲಿ ಮುಚ್ಚಬೇಕು ಅನ್ನುವ ನಿಯಮ. ಇದನ್ನು ಮರೆತು ಲಾರಿ ಕೆಟ್ಟಿದೆ ಅನ್ನುವವರೇ ಹೆಚ್ಚು.

ತಪ್ಪು ಹುಡುಕಲು ಆ ನಲ್ಲಿಗಳೇ ಸಾಕು. ಆರನ್ನೂ ಮುಚ್ಚಿ. ಹಿಡಿಕೆಯನ್ನು ತುಂಬುವ ಕಡೆಗೆ ಇಟ್ಟು ಕೊಳವೆ ತುಂಬಿಸಿ, ನಡುವಿನ ಜಾಗಕ್ಕೆ ತನ್ನಿ. ಗೇಜಿನ ಮುಳ್ಳು ಇಳಿದರೆ ಸೋರಿಕೆ ಕೊಳವೆಯಲ್ಲೋ ಹಬ್ಬಿನ ಸೀಲಿನಲ್ಲೋ ಹಿಡಿಕೆಯ ವಾಲ್ವಿನಲ್ಲೋ ಇದೆ. ಮುಳ್ಳು ನಿಂತಲ್ಲೇ ನಿಂತರೆ ಕೊಳವೆ ಸರಿ ಇದೆ. ಆಗ ಒಂದೊಂದೇ ನಲ್ಲಿ ತೆರೆದು ನೋಡಿ. ಯಾವ ಚಕ್ರ ಕೂಡಿಸಿದಾಗ ಮುಳ್ಳು ಮೊದಲು ಸ್ವಲ್ಪ ಅಲುಗಾಡಿ ಆಮೇಲೆ ನಿಲ್ಲದೆ ಇಳಿಯುತ್ತಲೇ ಹೋಗುತ್ತದೋ ಅದೇ ತಪ್ಪಿನ ಚಕ್ರ.

ಇವುಗಳಲ್ಲೂ ಬ್ರೇಕಿಗೇ ಮೊದಲ ಪಾಲು. ಝಿಲ್-131ರಲ್ಲಿ ಟ್ಯಾಂಕಿನ ಒತ್ತಡ ಸುಮಾರು 5.5 ಕೆಜಿಗಿಂತ ಕೆಳಗೆ ಬಿದ್ದರೆ ಒಂದು ವಾಲ್ವ್ ಟೈರಿನ ದಾರಿಯನ್ನು ಮುಚ್ಚುತ್ತದೆ. ಅದು ಅಂಟಿಕೊಂಡಿದೆಯಾ ಅಂತ ವರ್ಷಕ್ಕೊಮ್ಮೆಯಾದರೂ ನೋಡಿ.

ಇದರ ಸಹವಾಸವೇ ಬೇಡ ಅನಿಸುತ್ತಿದೆ. ಕಿತ್ತು ಹಾಕಬಹುದಾ?

ಕಿತ್ತು ಹಾಕಬೇಡಿ, ಬೇರ್ಪಡಿಸಿ ಇಡಿ. ಬಿಡಿಭಾಗ ಬರುವವರೆಗೆ ಡಾಂಬರು ರಸ್ತೆಯಲ್ಲಿ ಓಡಿಸಲು ಇದು ನ್ಯಾಯವಾದ ದಾರಿ. ಪ್ರತಿ ಚಕ್ರದ ಹೋಸನ್ನು ವೀಲ್ ವಾಲ್ವ್ ಕಡೆಯಿಂದ ಬಿಚ್ಚಿ, ಎರಡೂ ಬಾಯಿಗೆ ಕ್ಯಾಪ್ ಹಾಕಿ. ಮಾಮೂಲಿ ವಾಲ್ವಿನಿಂದ ಗಾಳಿ ಹೊಡೆಸಿ. ಟ್ಯಾಂಕಿನಿಂದ ಪಿಸಿಯುಗೆ ಹೋಗುವ ದಾರಿಗೂ ಪ್ಲಗ್ ಹಾಕಿ. ಇದನ್ನು ಬಿಟ್ಟರೆ ಬ್ರೇಕಿನ ಗಾಳಿ ಸೋರುತ್ತಲೇ ಇರುತ್ತದೆ. ಇಸಿಯು ಕರೆಂಟ್ ತೆಗೆಯಿರಿ. ಆಮೇಲೆ ಹಳೆಯ ಕಾಲದವರಂತೆ ದಿನಾ ಬೆಳಿಗ್ಗೆ ಗೇಜು ಹಿಡಿದು ಆರೂ ಟೈರು ನೋಡಬೇಕು. ಬಿಚ್ಚಿದ ಭಾಗಗಳಿಗೆ ಚೀಟಿ ಕಟ್ಟಿ ಇಡಿ. ಇವತ್ತು ಬೇಡ ಅನಿಸಿದ ವೀಲ್ ವಾಲ್ವ್ ಇನ್ನು ಐದು ವರ್ಷಕ್ಕೆ ಹುಡುಕಿದರೂ ಸಿಗಲಿಕ್ಕಿಲ್ಲ.

ನಾನೇ ಬಿಚ್ಚಲು ಹೊರಟಿದ್ದೇನೆ. ಯಾವುದಕ್ಕೆ ಹೆದರಬೇಕು?

ಟೈರಿನಲ್ಲಿರುವ ಗಾಳಿಗೆ. ವೀಲ್ ವಾಲ್ವ್ ಆಗಲಿ, ಚಕ್ರವಾಗಲಿ ಬಿಚ್ಚುವ ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಇಳಿಸಿ. ಸದ್ದು ನಿಂತ ಮೇಲೂ ಒಂದು ತಂತಿ ತೂರಿಸಿ ದಾರಿ ಕಟ್ಟಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಮಿಲಿಟರಿ ಲಾರಿಗಳ ರಿಮ್ಮು ಬಹಳ ಸಲ ಎರಡು ಮೂರು ತುಂಡಿನದು, ಬೋಲ್ಟ್ ಅಥವಾ ಲಾಕ್ ರಿಂಗಿನಲ್ಲಿ ಹಿಡಿದದ್ದು. ಗಾಳಿ ಇರುವಾಗ ತಪ್ಪು ನಟ್ಟಿಗೆ ಕೈ ಹಾಕಿದರೆ ರಿಂಗು ಗುಂಡಿನಂತೆ ಹಾರುತ್ತದೆ. ಜೀವ ಹೋದ ಉದಾಹರಣೆಗಳಿವೆ. ಮತ್ತೆ ಗಾಳಿ ತುಂಬುವಾಗ ಟೈರನ್ನು ಕಬ್ಬಿಣದ ಪಂಜರದೊಳಗೆ ಇಟ್ಟು, ಉದ್ದ ಹೋಸು ಹಿಡಿದು, ಪಕ್ಕಕ್ಕೆ ನಿಂತು ತುಂಬಿ. ಎದುರಿಗೆ ನಿಲ್ಲಬೇಡಿ. ಜಾಕಿ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಅಭ್ಯಾಸ ಇಲ್ಲದವರು ರಿಮ್ ಬಿಚ್ಚುವ ಕೆಲಸವನ್ನು ದೊಡ್ಡ ಲಾರಿಗಳ ಟೈರ್ ಅಂಗಡಿಗೆ ಕೊಡುವುದೇ ಒಳ್ಳೆಯದು.

ಕೆಡದಂತೆ ನೋಡಿಕೊಳ್ಳಲು ಏನು ಮಾಡಬೇಕು?

ಬಳಸಿ. ನಿಂತೇ ಇರುವ ಲಾರಿಯ ಸೀಲ್ ಒಣಗುತ್ತದೆ, ವಾಲ್ವ್ ಅಂಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಎಂಜಿನ್ ಶುರು ಮಾಡಿ, ಹೈವೇಯಿಂದ ಸ್ಯಾಂಡ್‌ವರೆಗೆ ಇಳಿಸಿ ಮತ್ತೆ ಏರಿಸಿ. ಎಷ್ಟು ನಿಮಿಷ ಹಿಡಿಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಹೋದ ತಿಂಗಳಿಗಿಂತ ಈ ತಿಂಗಳು ಜಾಸ್ತಿ ಹಿಡಿದರೆ ದೀಪ ಮಿಟುಕುವ ಮೊದಲೇ ನಿಮಗೆ ಗೊತ್ತಾಗುತ್ತದೆ, ಎಲ್ಲೋ ಸಣ್ಣಗೆ ಸೋರುತ್ತಿದೆ ಅಂತ. ಆಗ ಸೋಪಿನ ಬಾಟಲಿ ತೆಗೆದುಕೊಂಡು ಕೆಳಗೆ ಮಲಗಿ.